ಎಲೆ ಚಿತ್ರ ನೋಡಿ ಮರುಳಾಗಬೇಡಿ: ಕ್ಯಾಮೊ ಸೂಟಿಗೆ ದುಡ್ಡು ಸುರಿದವನ ಮಾತು

ಕ್ಯಾಮೊ ಸೂಟು, ಅಂದರೆ ಕಾಡಿನಲ್ಲಿ ಮರೆಯಾಗಲು ಹಾಕುವ ಎಲೆ ಚಿತ್ರದ ಬಟ್ಟೆ, ಮಾರುವ ಆ ಪೊದೆ ವಿಡಿಯೊ ಮತ್ತೆ ಓಡಾಡುತ್ತಿದೆ. ನಿನ್ನೆ ಪರಿಚಯದವರೊಬ್ಬರು ನನಗೇ ಕಳಿಸಿ, "ಇದು ತಗೊಳ್ಳೋಣ ಅಂತಿದ್ದೀನಿ, ಹೇಗಿದೆ?" ಅಂತ ಕೇಳಿದರು. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ತಗೋಬೇಡಿ. ದಯವಿಟ್ಟು ತಗೋಬೇಡಿ.

ವಿಡಿಯೊ ನೀವೂ ನೋಡಿರಬಹುದು. ಒಂದು ಪೊದೆ. "ನಾನೆಲ್ಲಿದ್ದೀನಿ ಹೇಳಿ ನೋಡೋಣ?" ಅಂತ ದನಿ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪೊದೆಯೇ ಎದ್ದು ಕೈ ಬೀಸುತ್ತದೆ. ಹತ್ತು ಸಲವಾದರೂ ನೋಡಿದ್ದೇನೆ ಅದನ್ನು. ಅವನು ದಟ್ಟ ಹಸಿರಿನ ಒಳಗೆ, ಒಂದಿಷ್ಟೂ ಅಲ್ಲಾಡದೆ ಕೂತಿದ್ದ. ಹಾಗೆ ಕೂತರೆ ಮಾಮೂಲಿ ಶರ್ಟಿನವನೂ ಅರ್ಧ ಮರೆಯಾಗುತ್ತಾನೆ. ಇದು ಈಗ ಹೊಳೆಯುತ್ತಿದೆ. ಆಗ ಹೊಳೆಯಲಿಲ್ಲ.

ನನ್ನದು ಕ್ಯಾಮೆರಾ ಬೇಟೆ, ಬಂದೂಕು ಇಲ್ಲ. ಆದರೆ ಪ್ರಾಣಿಯ ಹತ್ತಿರ ಹೋಗುವ ಪಾಡು ಇಬ್ಬರಿಗೂ ಒಂದೇ. ವಿಡಿಯೊ ಹಾಕಿ ಸೂಟು ಮಾರುವವನಿಗೆ ಮೆಸೇಜ್ ಮಾಡಿದೆ. "ಬೇಟೆಗಾರರಿಗೆ ಅಂತಾನೇ ಮಾಡಿದ್ದು ಸರ್. ಯಾವ ಕಾಡಾದರೂ ನಡೆಯುತ್ತೆ. ಸದ್ದಿಲ್ಲ, ಯುವಿ ಇಲ್ಲ" ಅಂದ. ಯುವಿ ಅಂದರೆ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕು. ಅದು ಇಲ್ಲ ಅಂದರೆ ಏನು ಅಂತ ಕೇಳಿದೆ. "ಪ್ರಾಣಿಗೆ ಕಾಣಲ್ಲ ಸರ್." ಅಷ್ಟಕ್ಕೇ ತಲೆ ಆಡಿಸಿದೆ ನೋಡಿ! ಪೂರ್ತಿ ದುಡ್ಡು ಮುಂಗಡ. ಜಾಕೆಟ್, ಪ್ಯಾಂಟ್, ಜೊತೆಗೆ ಒಂದು ಟೋಪಿ ಫ್ರೀ.

ಬಂದ ದಿನವೇ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಒಂದೊಂದು ಎಲೆಗೂ ನರ, ನೆರಳು. ತೋಳಿನ ಮೇಲಿನ ಒಂದು ಎಲೆಗೆ ಹುಳ ತಿಂದ ತೂತು ಬೇರೆ. ಅಬ್ಬಾ ಅನ್ನಿಸಿತು. ಹೆಬ್ಬೆರಳು ಎತ್ತಿ ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ. ಖುಷಿಗೆ ಮಾರಿದವನಿಗೂ ಕಳಿಸಿದೆ. ಆ ಹುಳ ತಿಂದ ತೂತಿಗೇ ನಾನು ಬಿದ್ದಿದ್ದು.

ಮೊದಲ ದಿನ ಬೆಳಕು ಹರಿಯುವ ಮುಂಚೆ ಹೋಗಿ ಕೂತೆವು, ನಾನು ಮತ್ತು ಒಬ್ಬ ಗೆಳೆಯ. ಅವನದು ಬಣ್ಣ ಮಾಸಿದ ಕಂದು ಹತ್ತಿ ಶರ್ಟು. ನಾನೋ, ನಡೆದಾಡುವ ತೋಟದ ಹಾಗಿದ್ದೆ. ಸುತ್ತ ನೋಡಿದರೆ ಬರೀ ಒಣ ಹುಲ್ಲು, ಹಸಿರಿನ ಸುಳಿವೇ ಇಲ್ಲ. ಅದು ನನ್ನ ತಪ್ಪೇ, ಒಪ್ಪುತ್ತೇನೆ. ಆದರೆ "ಯಾವ ಕಾಡಾದರೂ" ಅಂದಿದ್ದು ಯಾರು?

ಐದು ಜಿಂಕೆ ಬಂದವು. ಗಾಳಿ ಅವುಗಳ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು, ಹಾಗಾಗಿ ವಾಸನೆ ಸಿಕ್ಕಿತು ಅನ್ನುವ ಹಾಗಿಲ್ಲ. ಕ್ಯಾಮೆರಾ ಎತ್ತಲು ತೋಳು ಮಡಿಸಿದೆ. ಸರ್ರ್! ಪ್ಲಾಸ್ಟಿಕ್ ಚೀಲ ಉಜ್ಜಿದ ಸದ್ದು. ಮುಂದಿದ್ದ ಹೆಣ್ಣು ಜಿಂಕೆಯ ಎರಡೂ ಕಿವಿ ನನ್ನ ಕಡೆ ತಿರುಗಿದವು. ಆಮೇಲೆ ಕಣ್ಣು. ಪಕ್ಕದ ಗೆಳೆಯನನ್ನು ಬಿಟ್ಟು ನನ್ನನ್ನೇ ನೋಡಿತು. ಮುಂಗಾಲು ಎತ್ತಿ ನೆಲಕ್ಕೆ ಕುಟ್ಟಿತು. ನಾನು ಉಸಿರು ಬಿಗಿಹಿಡಿದೆ. ಇನ್ನೊಮ್ಮೆ ಕುಟ್ಟಿತು. ಬಾಲ ಎತ್ತಿತು, ಐದೂ ಮಾಯ. ಅಷ್ಟರಲ್ಲಿ ಗೆಳೆಯನಿಗೆ ಮೂರು ಒಳ್ಳೆ ಫೋಟೊ ಸಿಕ್ಕಿದ್ದವು. ಆ ಹಳೆ ಶರ್ಟಿನಲ್ಲಿ!

ಅವನು ನಗಲಿಲ್ಲ, ಪಾಪ. ಅರವತ್ತು ಹೆಜ್ಜೆ ಹಿಂದೆ ಹೋಗಿ ನನ್ನದೊಂದು ಫೋಟೊ ತೆಗೆದ. ಅದನ್ನು ಕಪ್ಪು ಬಿಳುಪು ಮಾಡಿ ತೋರಿಸಿದ. ಎಲೆಯೂ ಇಲ್ಲ, ನರವೂ ಇಲ್ಲ. ಸಣ್ಣ ಸಣ್ಣ ಗುರುತೆಲ್ಲ ಒಂದಕ್ಕೊಂದು ಅಂಟಿ ಒಂದೇ ಕಪ್ಪು ಮುದ್ದೆ. ತಲೆ, ಎರಡು ಭುಜ, ಅಚ್ಚೊತ್ತಿದ ಮನುಷ್ಯ. ಕ್ಯಾಮೊ ಬಟ್ಟೆ ಎಲೆಯ ಹಾಗೆ ಕಾಣಬೇಕಾಗಿಲ್ಲ, ಮೈಯ ಅಂಚನ್ನು ಒಡೆಯಬೇಕು ಅಷ್ಟೇ. ಅದಕ್ಕೆ ದೊಡ್ಡ ದೊಡ್ಡ ತೇಪೆ ಬೇಕು, ತೀರಾ ತಿಳಿ ಬಣ್ಣದ ಪಕ್ಕ ತೀರಾ ಗಾಢ ಬಣ್ಣ. ನಮ್ಮ ಸೂಟಿನ ಎಲೆಗಳು ಐದು ಅಡಿ ದೂರದಿಂದ ನೋಡಿ ದುಡ್ಡು ಕೊಡುವವರಿಗಾಗಿ ಬಿಡಿಸಿದ್ದು.

ಇನ್ನೊಂದಿದೆ. ಇದೇ ನನ್ನ ಹೊಟ್ಟೆ ಉರಿಸಿದ್ದು.

ಮನೆಗೆ ಬಂದು ರಾತ್ರಿ ದೀಪ ಆರಿಸಿ, ನೋಟು ಪರೀಕ್ಷೆ ಮಾಡುವ ಸಣ್ಣ ಯುವಿ ಟಾರ್ಚ್ ಹಿಡಿದೆ. ಕೋಣೆಯೆಲ್ಲ ಕತ್ತಲು, ಜಾಕೆಟ್ ಮಾತ್ರ ನೀಲಿಯಾಗಿ ಹೊಳೆಯಿತು. ಹೊಲಿಗೆ ದಾರವಂತೂ ಉರಿದ ಹಾಗೆ. "ಯುವಿ ಇಲ್ಲ" ಅಂದಿದ್ದ ಜಾಕೆಟ್ ಇದು! ಬಟ್ಟೆ ಬೆಳ್ಳಗೆ ಕಾಣಲಿ ಅಂತ ಹಾಕುವ ಬ್ರೈಟ್ನರ್ ಇರುತ್ತಲ್ಲ, ಅದು ಯುವಿ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಬಿಡುತ್ತದೆ. ಜಿಂಕೆಗೆ ಬಣ್ಣ ಹಿಡಿಯುವ ಕೋಶ ನಮ್ಮ ಹಾಗೆ 3 ಬಗೆ ಇಲ್ಲ, 2 ಬಗೆ. ಕೆಂಪು, ಕಿತ್ತಳೆ ಸರಿಯಾಗಿ ತಿಳಿಯುವುದಿಲ್ಲ. ಆದರೆ ಅದರಲ್ಲಿ ಒಂದು ಬಗೆ 450–460 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನ ಆಸುಪಾಸಿನಲ್ಲೇ ಚುರುಕು. ಅಂದರೆ ಇದೇ ನೀಲಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಬಂದೂಕಿನ ಬೇಟೆಯ ಕಾಲದಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಅಂಗಿ ಕಡ್ಡಾಯ. ಬೇರೆ ಬೇಟೆಗಾರರಿಗೆ ಕಾಣುತ್ತದೆ, ಜಿಂಕೆಗೆ ಅಷ್ಟು ಎದ್ದು ಕಾಣುವುದಿಲ್ಲ. ಕಿತ್ತಳೆ ಅಂಗಿಯವನಿಗೆ ಸಿಗುವ ಜಿಂಕೆ ನನ್ನ ಎಲೆ ಸೂಟಿಗೆ ಸಿಗಲಿಲ್ಲ.

ಓಡಿದ್ದು ಈ ಹೊಳಪಿಗೇ ಅಂತ ನಾನು ಆಣೆ ಮಾಡಲ್ಲ. ಸದ್ದೇ ಮೊದಲು ಕೆಡಿಸಿತು. ಆದರೆ ಸುಳ್ಳು ಸುಳ್ಳೇ ಅಲ್ವಾ?

ಟಾರ್ಚಿಗೆ ಹೊಳೆದ ಜಾಕೆಟ್ಟಿನ ಫೋಟೊ ಮಾರಿದವನಿಗೆ ಕಳಿಸಿದೆ. ಎರಡು ದಿನ ನೋಡಿಯೂ ಉತ್ತರವಿಲ್ಲ. ಆಮೇಲೆ: "ಸರ್ ನೀವು ಒಗೆದಿದ್ದೀರಾ?" ಹೌದು, ಹೊಸ ಬಟ್ಟೆ, ಒಂದು ಸಲ ಸೋಪಿನ ಪುಡಿಯಲ್ಲಿ ಒಗೆದಿದ್ದೆ. "ಹಾಗಾದರೆ ಸೋಪಿಂದು ಸರ್. ಒಗೆದ ಮಾಲು ವಾಪಸ್ ತಗೊಳ್ಳಲ್ಲ."

ಒಂದು ಕ್ಷಣ ಪೆಚ್ಚಾದೆ. ಸೋಪಿನ ಪುಡಿಯಲ್ಲೂ ಅದೇ ಬ್ರೈಟ್ನರ್ ಇರುತ್ತದೆ, ಅವನು ಹೇಳಿದ್ದರಲ್ಲಿ ಅರ್ಧ ನಿಜ. ಆಗ ಟೋಪಿ ನೆನಪಾಯಿತು. ಲೇಬಲ್ ಕೂಡ ಕಿತ್ತಿರಲಿಲ್ಲ, ನೀರು ಸೋಕಿರಲಿಲ್ಲ. ಟಾರ್ಚ್ ಹಿಡಿದೆ. ಅದೂ ಹೊಳೆಯಿತು, ಅಷ್ಟೇ ನೀಲಿ. ಲೇಬಲ್ ಸಮೇತ ಫೋಟೊ ಕಳಿಸಿದೆ.

"ಟೋಪಿ ಫ್ರೀ ಗಿಫ್ಟ್ ಸರ್. ಅದಕ್ಕೆ ಗ್ಯಾರಂಟಿ ಇಲ್ಲ."

ಸದ್ದಿನ ಬಗ್ಗೆ ಕೇಳಿದೆ. "ನಾಲ್ಕು ಸಲ ಹಾಕಿ ಸರ್, ಮೆತ್ತಗಾಗುತ್ತೆ." ಬಣ್ಣದ ಬಗ್ಗೆ ಕೇಳಿದೆ. "ನೀವು ತಪ್ಪು ಜಾಗಕ್ಕೆ ಹೋಗಿದ್ದೀರಿ." ದುಡ್ಡು ವಾಪಸ್ ಕೊಡಿ ಅಂದೆ. ಬಂದ ಉತ್ತರ ಇನ್ನೂ ಕಿವಿಯಲ್ಲಿದೆ: "ಕಾಣಿಸ್ತು ಅಂತ ಜಿಂಕೆ ಬಂದು ನಿಮಗೆ ಹೇಳ್ತಾ ಸರ್?" ಜೊತೆಗೆ ನಗುವ ಮುಖ ಮೂರು. ಆಮೇಲೆ ಬ್ಲಾಕ್.

ತಗೊಳ್ಳಲೇಬೇಕು ಅಂದರೆ ಕೈಯಲ್ಲಿ ಹಿಡಿದು ತಗೊಳ್ಳಿ. ಬಟ್ಟೆಯನ್ನು ಕಿವಿ ಹತ್ತಿರ ಉಜ್ಜಿ. ಜೇಬಿಗೆ ವೆಲ್ಕ್ರೊ ಇದ್ದರೆ ಅಲ್ಲೇ ಬಿಟ್ಟು ಬನ್ನಿ, ಆ ಪರ್ರ್ ಸದ್ದಿಗೆ ಕಾಡೆಲ್ಲ ಎಚ್ಚರವಾಗುತ್ತದೆ. ಯುವಿ ಟಾರ್ಚ್ ಹಿಡಿಯಿರಿ, ದೂರದಿಂದ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಹೋಗುವ ಜಾಗ ಯಾವ ಬಣ್ಣದಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಒಗೆಯುವುದಾದರೆ ಬ್ರೈಟ್ನರ್ ಇಲ್ಲದ ಸೋಪು. ಮುಖಕ್ಕೆ, ಕೈಗೆ ಏನಾದರೂ ಮುಚ್ಚಿಕೊಳ್ಳಿ, ಬೆಳಗಿನ ಬಿಸಿಲಿಗೆ ಜಾಸ್ತಿ ಹೊಳೆಯುವುದು ಅವೇ. ಹಕ್ಕಿಗೆ ಕೂರುವವರು ಇನ್ನೂ ಹುಷಾರು, ಅವಕ್ಕೆ ಬಣ್ಣದ ಕೋಶ 4 ಬಗೆ, ಕೆಂಪೂ ಕಾಣುತ್ತದೆ, ಯುವಿಯೂ ಕಾಣುತ್ತದೆ. ಇಷ್ಟೆಲ್ಲ ಆದ ಮೇಲೂ ಅಲ್ಲಾಡಿದರೆ ಎಲ್ಲ ದಂಡ.

ನಿನ್ನೆ ಬಂದ ವಿಡಿಯೊದಲ್ಲಿ ಅಂಗಡಿ ಹೆಸರು ಬೇರೆ, ನಂಬರ್ ಬೇರೆ. ಪೊದೆ ಅದೇ, ದನಿ ಅದೇ. ಕೊನೆಗೆ "ನಮ್ಮ ಖುಷಿಯ ಗ್ರಾಹಕರು" ಅಂತ ನಾಲ್ಕು ಫೋಟೊ ಸೇರಿಸಿದ್ದಾರೆ. ಎರಡನೆಯದರಲ್ಲಿ ಕನ್ನಡಿ ಮುಂದೆ ಹೆಬ್ಬೆರಳು ಎತ್ತಿ ನಿಂತಿದ್ದಾನಲ್ಲ, ಅದು ನಾನು.