ಕಾಶಿಯಲ್ಲಿ ‘ನೇಕಾರರ ಮನೆ’ ತೋರಿಸ್ತೀನಿ ಅಂದರೆ ಹುಷಾರು

ಗೊದೌಲಿಯಾದಲ್ಲಿ ಇಳಿದು ದಶಾಶ್ವಮೇಧ ಘಾಟ್‌ನತ್ತ ನಡೆಯುವಾಗ ಒಬ್ಬ ಜೊತೆಯಾಗುತ್ತಾನೆ. ಏನೂ ಮಾರುವುದಿಲ್ಲ, ಬರೀ ದಾರಿ ತೋರಿಸುತ್ತಾನೆ. ದರ್ಶನ ಮುಗಿದ ಮೇಲೆ ಮಾತು ಮೆಲ್ಲಗೆ ಸೀರೆಗೆ ತಿರುಗುತ್ತದೆ: ಮದನಪುರದಲ್ಲಿ ನಮ್ಮವರ ಮಗ್ಗವಿದೆ, ಸುಮ್ಮನೆ ನೋಡಿ ಬನ್ನಿ. ಕೆಲವೊಮ್ಮೆ ಈ ಕೆಲಸ ದೋಣಿಯವನದು, ಕೆಲವೊಮ್ಮೆ ಆಟೋದವನದು. ಮದನಪುರ ನಿಜಕ್ಕೂ ನೇಕಾರರ ಕೇರಿಯೇ, ಹಾಗಾಗಿ ಅನುಮಾನವೂ ಬರುವುದಿಲ್ಲ.

ಅಲ್ಲಿಗೆ ಹೋದರೆ ಕೆಳಗೆ ಒಂದು ಕೈಮಗ್ಗ, ಅದರ ಮೇಲೆ ಅರ್ಧ ನೇಯ್ದ ಸೀರೆ. ಮಹಡಿಯಲ್ಲಿ ಬಿಳಿ ಹಾಸು, ಚಹಾ, ಸೀರೆಗಳ ರಾಶಿ. ಆ ಮಗ್ಗಕ್ಕೂ ಈ ರಾಶಿಗೂ ಸಂಬಂಧವೇ ಇಲ್ಲದಿರಬಹುದು; ಪವರ್‌ಲೂಮ್ (ಯಂತ್ರದ ಮಗ್ಗ) ಮಾಲು, ಸೂರತ್ತಿನ ಮಾಲು ಎಲ್ಲ ಅದರಲ್ಲೇ ಬೆರೆತಿರುತ್ತದೆ. ಕರೆತಂದವನ ಕಮಿಷನ್ನೂ ನಿಮ್ಮ ಬಿಲ್ಲಿನೊಳಗೇ.

ರೇಷ್ಮೆಯೇ ಎಂದು ನಂಬಿಸಲು ಅಂಗಡಿಯವನೇ ಎಳೆ ಸುಟ್ಟು ತೋರಿಸಿದರೆ ತಲೆದೂಗಬೇಡಿ. ಸೆರಗಿನ ಕುಚ್ಚಿನಲ್ಲಿ ಸಿಗುವುದು ಹಾಸಿನ, ಅಂದರೆ ಉದ್ದಕ್ಕೆ ಓಡುವ, ಎಳೆ ಮಾತ್ರ. ಹಾಸು ರೇಷ್ಮೆಯಾಗಿದ್ದು ಹೊಕ್ಕಿಗೆ (ಅಡ್ಡ ಎಳೆಗೆ) ಅಗ್ಗದ ನೂಲು ಹಾಕಿರುವುದುಂಟು. ಕುಚ್ಚಿನ ಪಕ್ಕದಲ್ಲೇ ಅಡ್ಡಕ್ಕೆ ಓಡುವ ಎಳೆಯೊಂದನ್ನು ಬಿಡಿಸಿ ಸುಡಲು ಹೇಳಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದೊಡನೆ ಆರುತ್ತದೆ, ಕಪ್ಪು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಎಂಬ ಕೃತಕ ನೂಲಿನಲ್ಲಿ ಏಮಾರುವುದುಂಟು: ಅದು ಕರಗುವುದಿಲ್ಲ, ಕಾಗದದಂತೆ ಉರಿಯುತ್ತದೆ, ವಾಸನೆಯೂ ಕಾಗದದ್ದೇ.

ಆಮೇಲೆ ಸೀರೆ ಮಗುಚಿ ನೋಡಿ. ‘ಕಢುವಾ’ ಎಂದು ಹೇಳಿ ಬೆಲೆ ಏರಿಸಿದ್ದರೆ ಒಂದೊಂದು ಬುಟ್ಟಾವೂ ಬಿಡಿಯಾಗಿ ನೇಯ್ದಿರಬೇಕು, ಒಂದರಿಂದ ಇನ್ನೊಂದಕ್ಕೆ ದಾರ ಹಾದಿರಬಾರದು. ಬುಟ್ಟಾಗಳ ಸುತ್ತ ಕತ್ತರಿಸಿದ ದಾರದ ತುದಿಗಳು ಕಂಡರೆ ಅದು ಕಢುವಾ ಅಲ್ಲ, ದಾರ ಹಾಯಿಸಿ ನೇಯ್ದು ಆಮೇಲೆ ಕತ್ತರಿಸಿದ ಕಟ್‌ವರ್ಕ್.

ಸಿಲ್ಕ್ ಮಾರ್ಕ್ ಇದೆಯಲ್ಲ ಅನ್ನುತ್ತೀರಾ? ನಮ್ಮ ಬೆಂಗಳೂರಿನಲ್ಲೇ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿಯ ಗುರುತು ಅದು. ಶುದ್ಧ ರೇಷ್ಮೆ ಎಂದಷ್ಟೇ ಅದರ ಅರ್ಥ. ಪವರ್‌ಲೂಮ್ ರೇಷ್ಮೆಗೂ ಸಿಗುತ್ತದೆ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ಬನಾರಸಿ ಸೀರೆಗೆ 2009ರಲ್ಲಿ ಭೌಗೋಳಿಕ ಸೂಚಕ (ಜಿಐ, ಆ ಸೀಮೆಯದ್ದೇ ಎಂಬ ಗುರುತು) ಸಿಕ್ಕಿದೆ ನಿಜ, ಆದರೆ ಅಂಗಡಿಯವನು ಬಾಯಲ್ಲಿ ‘ಜಿಐ’ ಅಂದರೆ ಅದು ಪುರಾವೆಯಲ್ಲ.

ಬಿಲ್ಲಿನಲ್ಲಿ ‘ಶುದ್ಧ ರೇಷ್ಮೆ, ಕೈಮಗ್ಗ’ ಎಂದು ಬರೆಸಿಕೊಳ್ಳಿ. ‘ಆರ್ಟ್ ಸಿಲ್ಕ್’ ಎಂದಿದ್ದರೆ ಅದು ಕಲೆಯ ರೇಷ್ಮೆಯಲ್ಲ, ಕೃತಕ ರೇಷ್ಮೆ! ‘ಊರಿಗೆ ಪಾರ್ಸೆಲ್ ಕಳಿಸ್ತೀವಿ’ ಎಂಬುದಕ್ಕೆ ಒಪ್ಪಬೇಡಿ. ಆರಿಸಿದ್ದೊಂದು, ಬಂದದ್ದೊಂದು ಆಗುವುದು ಅಲ್ಲೇ. ಆಗಲೇ ಮೋಸವಾಗಿದ್ದರೆ ಬಿಲ್ಲು ಕೈಯಲ್ಲಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.