ಮಾರಿದ ಕಾರು ಮತ್ತೆ ಸಿಗುತ್ತದೆಯೇ? ಎಂಪರಿವಾಹನ್ ಆಪ್ ವಿಮರ್ಶೆ

ಸ್ಯಾನ್ ಸ್ಟಾರ್ಮ್‌ನಂಥ (ಮೇಲ್ಹೊದಿಕೆ ತೆರೆಯುವ ಎರಡು ಬಾಗಿಲ ಪುಟ್ಟ ಕಾರು) ಕಾರನ್ನು ಮಾರಿದವರಿಗೆ ಬೇರೊಂದು ಕಾರು ತಂದರೆ ಸಮಾಧಾನವಾಗುವುದಿಲ್ಲ, ಅದೇ ಬೇಕು. ಆ ಹುಡುಕಾಟಕ್ಕೆ ಸರ್ಕಾರದ ಎಂಪರಿವಾಹನ್ ಆಪ್ ಅರ್ಧ ದಾರಿ ಜೊತೆಗೆ ಬರುತ್ತದೆ. ಕಾರು ಇನ್ನೂ ಇದೆಯೇ ಎಂಬುದನ್ನು ಅದರಿಂದ ಊಹಿಸಬಹುದು, ಯಾರ ಮನೆಯ ಮುಂದೆ ನಿಂತಿದೆ ಎಂಬುದನ್ನು ಅಲ್ಲ. ಐದಕ್ಕೆ ಮೂರು.

ಮೊದಲು ಕಾರಿನ ನೋಂದಣಿ ನಂಬರ್ ಬೇಕು. ನೆನಪನ್ನು ನಂಬಬೇಡಿ. ಹಳೆ ಇನ್ಶೂರೆನ್ಸ್ ಪಾಲಿಸಿ, ಸರ್ವಿಸ್ ಬಿಲ್, ಆರ್‌ಸಿ ಜೆರಾಕ್ಸ್, ಮದುವೆ ಆಲ್ಬಮ್ ಎಲ್ಲ ತೆಗೆದು ನೋಡಿ. ದಾವಣಗೆರೆಯದು ಕೆಎ-17, ಚಿತ್ರದುರ್ಗದ್ದು ಕೆಎ-16. ಎರಡೂ ಊರಲ್ಲಿ ಓಡಾಟ ಇದ್ದವರು ಇದನ್ನೇ ಅದಲುಬದಲು ಮಾಡಿಕೊಳ್ಳುತ್ತಾರೆ, ಎರಡನ್ನೂ ಹಾಕಿ ನೋಡಿ. ಕೊನೆಯ ಅಂಕಿ ನಾಲ್ಕು ಸ್ಥಾನ ಇರಲಿ: 123 ಅಲ್ಲ, 0123.

ನಂಬರ್ ಹಾಕಿದರೆ ಆಪ್‌ನಲ್ಲಿ ಮಾಲೀಕರ ಹೆಸರು ಅರ್ಧಂಬರ್ಧ ಕಾಣುತ್ತದೆ, ವಿಳಾಸ ಇಲ್ಲವೇ ಇಲ್ಲ. ಅದು ಸರಿಯೇ. ನಿಜವಾದ ಸುಳಿವು ಇರುವುದು ತಾರೀಖುಗಳಲ್ಲಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2001ರ ಕಾರಿನ ಅವಧಿ 2016ಕ್ಕೇ ನಿಂತಿದ್ದರೆ ಆಮೇಲೆ ಅದನ್ನು ಯಾರೂ ಆರ್‌ಟಿಓ ಮುಂದೆ ತಂದು ನಿಲ್ಲಿಸಿಲ್ಲ. ಶೆಡ್ಡಲ್ಲಿರಬೇಕು, ಇಲ್ಲ ಗುಜರಿಗೆ ಹೋಗಿರಬೇಕು. 2026 ಎಂದಿದ್ದರೆ 2021ರ ಸುಮಾರಿಗೆ ತಪಾಸಣೆ ಆಗಿದೆ ಎಂದರ್ಥ. ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರಂತೂ ಯಾರೋ ಅದನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದಾರೆ. ಬೇರೆ ರಾಜ್ಯಕ್ಕೆ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಹೋಗಿದ್ದರೆ ಅಲ್ಲಿ ಹೊಸ ನಂಬರ್ ಬಿದ್ದಿರುತ್ತದೆ. ಆಪ್‌ನ ದಾರಿ ಅಲ್ಲಿಗೆ ಮುಗಿಯಿತು, ಬದಲಾಗದೆ ಉಳಿಯುವುದು ಕಾರಿನ ಚೌಕಟ್ಟಿನ ಮೇಲೆ ಕೊರೆದಿರುವ ಚಾಸಿ ನಂಬರ್ ಒಂದೇ.

ಅರ್ಧ ಕಾಣುವ ಹೆಸರು ನಿಮ್ಮದೇ ಆಗಿರುವ ಸಾಧ್ಯತೆಯೂ ಇದೆ. ಮಾರುವಾಗ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಖಾಲಿ ಸಹಿ ಹಾಕಿಕೊಟ್ಟು, ಕೊಂಡವರು ವರ್ಗಾವಣೆ ಮಾಡಿಸದಿದ್ದರೆ ಹೀಗಾಗುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರ ಮೇಲೇ ಬರುತ್ತದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಭರ್ತಿ ಮಾಡಿದ ಫಾರ್ಮ್ 29ರ ನಕಲು ಮನೆಯಲ್ಲಿದ್ದರೆ ಅದು ಆಪ್‌ಗಿಂತ ದೊಡ್ಡ ಆಸ್ತಿ. ಕೊಂಡವರ ಹೆಸರು, ವಿಳಾಸ ಎರಡೂ ಅದರಲ್ಲಿರುತ್ತವೆ. ಅಲ್ಲಿಂದ ಒಬ್ಬರಿಂದೊಬ್ಬರಿಗೆ ಕೇಳುತ್ತಾ ಹೋಗಬೇಕು.

ಕಾರು ಸಿಕ್ಕ ದಿನ ಮೊದಲು ಚಾಸಿ ನಂಬರ್. ಸೀಮೆಎಣ್ಣೆ ಬಟ್ಟೆಯಿಂದ ಆ ಜಾಗ ಒರೆಸಿ, ತೆಳು ಕಾಗದವನ್ನು ಸೆಲ್ಲೋಟೇಪಿನಿಂದ ಅಂಟಿಸಿ, ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಉಜ್ಜಿ. ಅಂಕಿಗಳು ಬಿಳಿಯಾಗಿ ಏಳುತ್ತವೆ. ಒಂದು ಅಂಕಿ ಸಾಲು ತಪ್ಪಿದ್ದರೆ, ಸುತ್ತ ಗ್ರೈಂಡಿಂಗ್ ಗೆರೆ ಕಂಡರೆ ಅಡ್ವಾನ್ಸ್ ಕೊಡಬೇಡಿ.

ಸ್ಟಾರ್ಮ್‌ನ ಮೈ ಫೈಬರ್‌ಗ್ಲಾಸ್, ಆಯಸ್ಕಾಂತ ಹಿಡಿದು ಪುಟ್ಟಿ ಪತ್ತೆ ಮಾಡುವ ಉಪಾಯ ನಡೆಯದು. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ರಿಪೇರಿಯಾದ ಕಡೆ ಶಬ್ದ ಮಂದವಾಗುತ್ತದೆ. ಬಾಗಿಲ ಹಿಂಜಿನ ಸುತ್ತ ನಕ್ಷತ್ರದಂಥ ಸೀಳುಗಳಿದ್ದರೆ ತಗಡಿನ ಟಿಂಕರಿಂಗ್‌ನವರ ಕೈಗೆ ಕೊಡಬೇಡಿ. ಮೇಲೆ ಪುಟ್ಟಿ ಮೆತ್ತಿದರೆ ಫೈಬರ್ ಅಲುಗಿದಂತೆಲ್ಲ ಸೀಳು ಮತ್ತೆ ಬಾಯಿಬಿಡುತ್ತದೆ. ಸೀಳನ್ನು ಉಜ್ಜಿ ಅಗಲ ಮಾಡಿ, ಒಳಬದಿಯಿಂದ ಮ್ಯಾಟ್ (ಗಾಜಿನ ನಾರಿನ ಹಾಳೆ) ಮತ್ತು ರೆಸಿನ್ (ಗಟ್ಟಿಯಾಗುವ ಅಂಟು) ಹಾಕಬೇಕು. ನಮ್ಮ ಕಡೆಯ ಒಣ ಹವೆ ಕಬ್ಬಿಣಕ್ಕೆ ಒಳ್ಳೆಯದು, ಬಿಸಿಲು ರಬ್ಬರಿಗೂ ಮೇಲ್ಹೊದಿಕೆಗೂ ಕೆಟ್ಟದ್ದು. ಹೊದಿಕೆ ಸೋರಿದ್ದರೆ ಕಾರ್ಪೆಟ್ ಎತ್ತಿ ಕೆಳಗೆ ತುಕ್ಕು ಇದೆಯೇ ನೋಡಲೇಬೇಕು.

ನೋಂದಣಿ ನವೀಕರಣಕ್ಕೆ ಫಾರ್ಮ್ 25. 15 ವರ್ಷ ದಾಟಿದ ಕಾರಿಗೆ 2022ರ ಏಪ್ರಿಲ್‌ನಿಂದ ಶುಲ್ಕ 5,000 ರೂಪಾಯಿ. 20 ದಾಟಿದ್ದಕ್ಕೆ 2025ರಲ್ಲಿ 10,000ಕ್ಕೆ ಏರಿದೆ. ಚೌಕಾಸಿ ಮಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸ್ಟಾರ್ಮ್‌ನ ಎಂಜಿನ್ ರೆನೋ ಕಂಪನಿಯ 1149 ಸಿಸಿ. ದಾವಣಗೆರೆಯ ಹಳೆ ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಯಾರಾದರೂ "ರೆನೋ ತಾನೇ, ಲೋಗನ್ ಬೆಲ್ಟ್ ಹಾಕೋಣ ಬಿಡಿ" ಎಂದರೆ ಒಪ್ಪಬೇಡಿ. ರೆನೋದ ಇನ್ನೊಂದು ಕಾರಾದ ಲೋಗನ್ ಪೆಟ್ರೋಲಿನ 1390 ಸಿಸಿ ಎಂಜಿನ್ ಬೇರೆಯದೇ ಕುಟುಂಬದ್ದು. ವರ್ಷಗಟ್ಟಲೆ ನಿಂತಿದ್ದ ಕಾರಿಗೆ ಸರಿಯಾದ ಟೈಮಿಂಗ್ ಬೆಲ್ಟ್ ಹಾಕಿಸುವ ತನಕ ಸ್ಟಾರ್ಟರ್ ಮುಟ್ಟಬೇಡಿ, ಟೋಯಿಂಗ್ ಗಾಡಿಯ ಮೇಲೆಯೇ ತನ್ನಿ.