ಭಾವನ 450, ನನ್ನ 411

ಮೈಸೂರಿನಲ್ಲಿರುವ ಭಾವ ಹದಿನೈದು ದಿನ ಪರದೇಶಕ್ಕೆ ಹೊರಟಾಗ ತನ್ನ ಹೊಸ ಹಿಮಾಲಯನ್ 450 ಬೈಕನ್ನು ನಮ್ಮ ಶೆಡ್ಡಿನಲ್ಲಿ ತಂದು ನಿಲ್ಲಿಸಿದ. ‘ಸುಮ್ಮನೆ ಇಟ್ಟರೆ ಬ್ಯಾಟರಿ ಕೂತುಬಿಡುತ್ತದೆ, ದಿನಾ ಸ್ವಲ್ಪ ಓಡಿಸು’ ಎಂದ. ಸ್ವಲ್ಪ ಎಂದರೆ ಎಷ್ಟು ಎಂದು ಅವನು ಹೇಳಲಿಲ್ಲ, ನಾನೂ ಕೇಳಲು ಹೋಗಲಿಲ್ಲ. ಜೂನ್ ಎರಡನೆಯ ವಾರ ಅದು. ಕೊಡಗಿನ ಮಾದಾಪುರದ ಆಚೆಗಿರುವ ನಮ್ಮ ತೋಟದ ಮಳೆಮಾಪಕದಲ್ಲಿ ರಾತ್ರಿಗೆ ಎರಡು ಇಂಚು, ಮೂರು ಇಂಚು ಬೀಳತೊಡಗಿತ್ತು. ಪಕ್ಕದಲ್ಲೇ ನನ್ನ 2018ರ ಹಿಮಾಲಯನ್ 411 ನಿಂತಿತ್ತು, ಮೈತುಂಬ ಕೆಂಪು ಮಣ್ಣು ಮೆತ್ತಿಕೊಂಡು. ಹೊಸದಕ್ಕೆ ಆ ಬಣ್ಣ ಬರಲು ಎರಡು ದಿನ ಸಾಕಾಯಿತು.

ರಾಯಲ್ ಎನ್‌ಫೀಲ್ಡ್ 2016ರಲ್ಲಿ ಬಿಡುಗಡೆ ಮಾಡಿದ ಮಾದರಿ ನನ್ನದು: 411 ಸಿಸಿ, ಗಾಳಿ ಮತ್ತು ಎಣ್ಣೆಯಿಂದ ತಣ್ಣಗಾಗುವ ಎಂಜಿನ್, ಸುಮಾರು 24 ಅಶ್ವಶಕ್ತಿ, ಐದು ಗೇರ್. ಭಾವನದು 2023ರ ನವೆಂಬರಿನಲ್ಲಿ ಬಂದದ್ದು: 452 ಸಿಸಿ, ಮುಂದೆ ರೇಡಿಯೇಟರ್, 40 ಅಶ್ವಶಕ್ತಿ, ಆರು ಗೇರ್. ಇಷ್ಟು ಓದಿದವರು ಇನ್ನು ಹೋಲಿಸುವುದೇನಿದೆ ಎನ್ನಬಹುದು. ನನ್ನ ತಮ್ಮನೂ ಹಾಗೆಯೇ ಅಂದ. ಆದರೆ ಈ ಅಂಕಿಗಳಿರುವ ಅದೇ ವಿವರಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಹಳೆಯದು ತನ್ನಲ್ಲಿರುವ 32 ನ್ಯೂಟನ್ ಮೀಟರ್ ಟಾರ್ಕನ್ನು, ಅಂದರೆ ಚಕ್ರ ತಿರುಗಿಸುವ ಬಲವನ್ನು, 4,000ದಿಂದ 4,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು) ನಡುವೆಯೇ ಪೂರ್ತಿ ಕೊಟ್ಟುಬಿಡುತ್ತದೆ. ಹೊಸದರಲ್ಲಿ 40 ಇದೆ ನಿಜ, ಅದು ಸಿಗುವುದು 5,500ರಲ್ಲಿ. ನಮ್ಮ ತೋಟದ ದಾರಿಯಲ್ಲಿ ಇದರ ಅರ್ಥವೇನು ಎಂಬುದು ಕ್ಲಚ್ ಹಿಡಿಯುವ ಎಡಗೈ ಬೆರಳುಗಳಿಗೆ ಬೇಗ ತಿಳಿಯುತ್ತದೆ.

ಮನೆಯಿಂದ ಮೇಲಿನ ತೋಟಕ್ಕೆ ಒಂದೂವರೆ ಕಿಲೋಮೀಟರ್. ಜೀಪಿಗೆಂದು ಕಡಿದ ದಾರಿ, ಮೂರು ಹಿಮ್ಮುರಿ ತಿರುವು. ಮೊದಲನೆಯದು ಕೆಲಸದವರ ಲೈನ್ ಮನೆಗಳ ಹಿಂದೆ, ಅಲ್ಲಿ ಭಯವಿಲ್ಲ. ಎರಡನೆಯದು ಹಲಸಿನ ಮರದ ಬುಡದಲ್ಲಿ, ತೊಡೆ ಗಾತ್ರದ ಬೇರು ದಾರಿಗೆ ಅಡ್ಡ ಮಲಗಿದೆ. ಮೂರನೆಯದರಲ್ಲಿ ಮೋರಿ ತುಂಬಿ ನೀರು ಮೇಲೆಯೇ ಹರಿಯುತ್ತದೆ. ಕೆಳಗಿನ ಮಣ್ಣು ಬೆಣ್ಣೆಯಂತೆ. ಈ ಕಾಲದಲ್ಲಿ ಮೆಣಸಿನ ಬಳ್ಳಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಕೆಲಸ, ಹಾಗಾಗಿ ಹಿಂದಿನ ಸೀಟಿನಲ್ಲಿ ಮೈಲುತುತ್ತದ ಚೀಲವೋ ಸುಣ್ಣದ ಡಬ್ಬವೋ ಕಟ್ಟಿಯೇ ಇರುತ್ತದೆ.

411ರಲ್ಲಿ ಈ ದಾರಿಗೆ ನನ್ನದೊಂದು ಕ್ರಮವಿದೆ. ಲೈನ್ ಮನೆ ದಾಟಿದೊಡನೆ ಎರಡನೇ ಗೇರ್, ಮತ್ತೆ ಕ್ಲಚ್ ಮುಟ್ಟುವುದಿಲ್ಲ. ಬೇರಿನ ಹತ್ತಿರ ಎಂಜಿನ್ ಎತ್ತು ನೊಗಕ್ಕೆ ಭುಜ ಕೊಟ್ಟ ಹಾಗೆ ಒಮ್ಮೆ ತಗ್ಗಿ, ಡಗ್ ಡಗ್ ಎನ್ನುತ್ತಾ ಏರಿಬಿಡುತ್ತದೆ. ನಿಲ್ಲುತ್ತದೇನೋ ಎನಿಸಿದಾಗಲೂ ನಿಲ್ಲುವುದಿಲ್ಲ. ಅದೇ ಜಾಗದಲ್ಲಿ 450 ಎರಡನೇ ಗೇರಿನಲ್ಲಿ ತಡವರಿಸಿತು. 3,000 ಆರ್‌ಪಿಎಂ ಕೆಳಗೆ ಅದಕ್ಕೆ ಕೆಲಸದಲ್ಲಿ ಮನಸ್ಸಿಲ್ಲ. ಮೊದಲನೇ ಗೇರಿಗೆ ಇಳಿಸಿ ಥ್ರಾಟಲ್ ತಿರುಗಿಸಿದರೆ ಒಮ್ಮೆಲೇ ಅಷ್ಟೂ ಶಕ್ತಿ ಬಂದು ಹಿಂದಿನ ಚಕ್ರ ಪಕ್ಕಕ್ಕೆ ಸರಿಯಿತು. ಇಕೋ ಮೋಡಿಗೆ ಹಾಕಿದ ಮೇಲೆ ಥ್ರಾಟಲ್ ಮೆತ್ತಗಾಯಿತು, ಬದುಕಿದೆ. ಇಂಧನ ಉಳಿಸಲೆಂದು ಆ ಹೆಸರಿಟ್ಟಿರಬಹುದು. ನಾನು ಅದನ್ನು ಕೆಸರಿನ ಮೋಡ್ ಎಂದೇ ಕರೆಯುತ್ತೇನೆ. ಅರ್ಧ ಕ್ಲಚ್ಚಿನಲ್ಲೇ ಹತ್ತಬೇಕು ಎನ್ನುವುದು ಮಾತ್ರ ತಪ್ಪಲಿಲ್ಲ. ಕ್ಲಚ್ ಹಗುರವಾಗಿದೆ, ನನ್ನದಕ್ಕಿಂತ ಅರ್ಧದಷ್ಟೂ ಬಿಗಿಯಿಲ್ಲ. ದಿನಕ್ಕೆ ನಾಲ್ಕು ಸಲ ಹತ್ತುವವನಿಗೆ ಕ್ಲಚ್ ಹಗುರವಾಗಿರುವುದಕ್ಕಿಂತ ಅದನ್ನು ಹಿಡಿಯುವ ಅಗತ್ಯವೇ ಇಲ್ಲದಿರುವುದು ಮೇಲು.

ಇನ್ನು ಸೀಟಿನ ಎತ್ತರ. ಹಳೆಯದರದು 800 ಮಿಲಿಮೀಟರ್, ಹೊಸದರದು 825. ನಾನು ಐದಡಿ ಆರಂಗುಲ. ಸಮ ನೆಲದಲ್ಲಿ ಆ ಒಂದು ಅಂಗುಲ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಕೊಡಗಿನಲ್ಲಿ ಸಮ ನೆಲ ಎಲ್ಲಿದೆ? ಮೂರನೇ ತಿರುವಿನಲ್ಲಿ ಹಾರೆ ಹಿಡಿದ ಕೆಲಸದವರು ಎದುರಾದರೆಂದು ನಿಲ್ಲಿಸಿ, ಇಳಿಜಾರಿನ ಕಡೆಯ ಕಾಲು ಊರಲು ಹೋದೆ. ಅಲ್ಲಿ ನೆಲವೇ ಇರಲಿಲ್ಲ. ಬೈಕ್ ನಿಧಾನವಾಗಿ, ಬಹಳ ಮರ್ಯಾದೆಯಿಂದ, ನನ್ನನ್ನು ಕಾಫಿ ಗಿಡದೊಳಗೆ ಮಲಗಿಸಿತು. ತೂಕದಲ್ಲಿ ಎರಡಕ್ಕೂ ಕೆಲವೇ ಕಿಲೋ ವ್ಯತ್ಯಾಸ. ಎತ್ತಲು ಬಂದ ಇಬ್ಬರಿಗೆ ಆ ವ್ಯತ್ಯಾಸ ಗೊತ್ತಾಗಿರಲಾರದು. ತಗ್ಗಿನ ಸೀಟು ಬೇರೆಯಾಗಿ ಸಿಗುತ್ತದೆ, 805 ಮಿಲಿಮೀಟರಿನದು. ನನ್ನಂಥವರು ತೋಟಕ್ಕೆ ಕೊಳ್ಳುವುದಾದರೆ ಅದನ್ನು ಮೊದಲ ದಿನವೇ ಹಾಕಿಸಿಕೊಳ್ಳುವುದು ಒಳಿತು.

ಇಳಿಯುವಾಗ ಮಾತ್ರ ಹೊಸದರ ಮುಂದೆ ನನ್ನ ಬೈಕ್ ತಲೆ ತಗ್ಗಿಸಬೇಕು. ಒದ್ದೆ ಇಳಿಜಾರಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಹಿಂದಿನ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ಬೈಕ್ ನಿಲ್ಲದೆ ಜಾರುತ್ತಲೇ ಹೋಗುತ್ತದೆ. ಹೊಸದರಲ್ಲಿ ಹಿಂದಿನ ಚಕ್ರದ ಎಬಿಎಸ್ ಆರಿಸಬಹುದು. 411ಕ್ಕೆ ಆ ಸೌಕರ್ಯ ಬಂದದ್ದು 2020ರ ಮಾದರಿಯಿಂದ, ನನ್ನದಕ್ಕಿಲ್ಲ. ಚಕ್ರವನ್ನು ಲಾಕ್ ಮಾಡಿ, ಮಣ್ಣಿನಲ್ಲಿ ಗೀರು ಎಳೆದುಕೊಂಡು ಇಳಿಯುವುದರ ಸುಖವನ್ನು ಆರು ವರ್ಷ ಕಳೆದುಕೊಂಡಿದ್ದೆನಲ್ಲ ಎಂದು ಬೇಸರವಾಯಿತು.

ಮಂಜಿನ ವಿಷಯವನ್ನು ಯಾವ ಪತ್ರಿಕೆಯೂ ಬರೆದದ್ದನ್ನು ನಾನು ನೋಡಿಲ್ಲ. ಒಂದು ಸಂಜೆ ತಮ್ಮ ಹೊಸದರಲ್ಲಿ, ನಾನು ಹಳೆಯದರಲ್ಲಿ ಹಟ್ಟಿಹೊಳೆ, ಮಕ್ಕಂದೂರು ಮೇಲಾಗಿ ಮಡಿಕೇರಿಗೆ ಹೊರಟೆವು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಕೊಚ್ಚಿಹೋಗಿದ್ದ ಅದೇ ರಸ್ತೆ. ಈಗಲೂ ಮಳೆ ಜೋರಾದರೆ ಕಣ್ಣು ತಾನಾಗಿಯೇ ರಸ್ತೆ ಬದಿಯ ಮಣ್ಣಿನ ಬರೆಯ ಕಡೆ ಹೋಗುತ್ತದೆ. ಮಕ್ಕಂದೂರು ಬರುವಷ್ಟರಲ್ಲಿ ಮಂಜು ಇಳಿಯಿತು. ತಮ್ಮ ಎಲ್ಲಿದ್ದಾನೆಂದು ನೋಡಿದರೆ ಬೈಕೇ ಇಲ್ಲ. ಬಹಳ ದೂರದಲ್ಲಿ ಕಾರೊಂದರ ಎರಡು ಕೆಂಪು ದೀಪ. ವೇಗ ಹೆಚ್ಚಿಸಿದೆ. ನೋಡನೋಡುತ್ತಿದ್ದಂತೆ ಕಾರು ಹತ್ತು ಮಾರಿನಲ್ಲೇ ಪ್ರತ್ಯಕ್ಷವಾಗಿ ತಮ್ಮನ ರೇನ್‌ಕೋಟ್ ಆಯಿತು. ಹೊಸ ಮಾದರಿಗೆ ನಡುವೆ ಹಿಂದೀಪವಿಲ್ಲ, ಎರಡು ಬದಿಯ ಇಂಡಿಕೇಟರುಗಳೇ ಕೆಂಪಾಗಿ ಉರಿಯುತ್ತವೆ. ಹಗಲಿನಲ್ಲಿ ನೋಡಲು ಚೆಂದ. ಮಂಜಿನಲ್ಲಿ ಹತ್ತಿರದ ಎರಡು ಚುಕ್ಕೆಯೂ ದೂರದ ಕಾರೂ ಒಂದೇ. ನಾನಾದರೆ ಬೈಕಿನ ಹಿಂಬದಿಗೆ ಒಂದು ಪ್ರತಿಫಲಕ ಅಂಟಿಸುತ್ತೇನೆ. ಮುಂದಿನ ದೀಪದಲ್ಲೂ ಹಾಗೆಯೇ: ಹೊಸದರ ಎಲ್‌ಇಡಿ ಬಿಳಿ ಬೆಳಕು ಸಂಪಾಜೆ ಘಾಟಿ ಇಳಿಯುವಾಗ ತಿರುವಿನ ಮೂಲೆಯವರೆಗೆ ತೋರಿಸಿತು, ಮಂಜು ಬಂದೊಡನೆ ಎದುರಿಗೆ ಸುಣ್ಣ ಬಳಿದ ಗೋಡೆ. ನನ್ನ ಹಳೆಯ ಹ್ಯಾಲೊಜನ್‌ನದು ಮಂಕು ಹಳದಿ ಬೆಳಕು. ಆದರೆ ಆ ಮಂಕಿನಲ್ಲೇ ರಸ್ತೆಯ ಅಂಚು ಕಂಡಿತು.

ಡಾಂಬರಿನ ಮೇಲೆ ಚರ್ಚೆಯೇ ಬೇಡ. ಸಂಪಾಜೆ ಘಾಟಿಯಲ್ಲಿ ಮಂಗಳೂರಿನಿಂದ ಹತ್ತುವ ಲಾರಿಯ ಹಿಂದೆ ಸಿಕ್ಕಿಕೊಂಡರೆ 411ರವನು ದೇವರನ್ನು ನೆನೆಯುತ್ತಾನೆ, 450ರವನು ಮೂರನೇ ಗೇರಿಗೆ ಇಳಿಸಿ ದಾಟುತ್ತಾನೆ. ಮುಂದಿನ ಡಿಸ್ಕ್ 300ರಿಂದ 320 ಮಿಲಿಮೀಟರಿಗೆ ಏರಿದೆ; ಒಂದೇ ಬೆರಳಿಗೆ ಬೈಕ್ ನಿಲ್ಲುತ್ತದೆ. ಹಳೆಯದರಲ್ಲಿ ಬ್ರೇಕ್ ಹಿಡಿದಾಗ ಮೂಗು ನೆಲಕ್ಕೆ ಬಾಗುತ್ತಿತ್ತು, ಹೊಸದರ 43 ಮಿಲಿಮೀಟರಿನ ತಲೆಕೆಳಗಾದ (ಅಪ್‌ಸೈಡ್ ಡೌನ್) ಮುಂದಿನ ಫೋರ್ಕ್ ಬಾಗಗೊಡುವುದಿಲ್ಲ. ಹಿಂದಿನ ಸಸ್ಪೆನ್ಷನ್ ಓಡಾಟ 180ರಿಂದ 200 ಮಿಲಿಮೀಟರ್ ಆಗಿದೆ. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಸುಂಟಿಕೊಪ್ಪಕ್ಕೆ ಹೋದಾಗ ಪ್ರತಿ ಗುಂಡಿಗೂ ಬರುತ್ತಿದ್ದ ಬೈಗುಳ ಈ ಸಲ ಮೂರಕ್ಕೇ ಮುಗಿಯಿತು. ಕುಶಾಲನಗರ ದಾಟಿ ಮೈಸೂರಿನ ಕಡೆ ತಿರುಗಿದರೆ ನೂರರ ವೇಗದಲ್ಲಿ ಹಳೆಯದು ಕೈಕಾಲು ಜುಮ್ಮೆನ್ನಿಸುತ್ತದೆ, ಹೊಸದು ಆಗತಾನೇ ಎದ್ದು ಕೂತಂತೆ ಇರುತ್ತದೆ.

ಗುಂಡನೆಯ ನಾಲ್ಕು ಇಂಚಿನ ಪರದೆಯಲ್ಲಿ ಗೂಗಲ್ ನಕ್ಷೆ ಬರುತ್ತದೆ, ಮೊಬೈಲ್ ಜೋಡಿಸಿದರೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿರುವ ಕಲ್ಲಿನ ಮೇಲೆ ಹತ್ತಿದರೆ ಮಾತ್ರ, ಅಲ್ಲಿಗೆ ದಾರಿ ನನಗೆ ಗೊತ್ತು. ಹಳೆಯದರಲ್ಲಿ ಒಂದು ದಿಕ್ಸೂಚಿಯಿದೆ, ಅದೂ ನಮಗೆ ಬೇಡ. ಜೂನಿನಲ್ಲಿ ಮಳೆ ಯಾವ ಕಡೆಯಿಂದ ಮುಖಕ್ಕೆ ಹೊಡೆಯುತ್ತದೆಯೋ ಅದೇ ಪಶ್ಚಿಮ. ಮೈಲೇಜ್ ನನ್ನದು ಮೂವತ್ತರ ಆಸುಪಾಸು, ಹೊಸದು ಒಂದೆರಡು ಕಡಿಮೆ. ಟ್ಯಾಂಕ್ 15 ಲೀಟರಿನಿಂದ 17 ಆಗಿರುವುದರಿಂದ ಪಂಪಿಗೆ ಹೋಗುವ ದಿನ ಒಂದೇ. ಟ್ಯಾಂಕಿನ ಪಕ್ಕದಲ್ಲಿ ಡಬ್ಬ ಕಟ್ಟಲು ಹಳೆಯದಕ್ಕಿದ್ದ ಕಂಬಿಚೌಕಟ್ಟು ಹೋಗಿರುವುದು ನನ್ನ ಪಾಲಿಗೆ ದೊಡ್ಡ ನಷ್ಟ. ಮಾದಾಪುರದ ಮೆಕ್ಯಾನಿಕ್ 411ರ ಎಂಜಿನ್ ವಾಲ್ವಿನ ಟ್ಯಾಪೆಟ್ಟನ್ನು ಚಹಾ ಆರುವುದರೊಳಗೆ ಸರಿಮಾಡುತ್ತಾನೆ. 450ರಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಎರಡಿರುವ ಎಂಜಿನ್ ತಲೆಯನ್ನು ನೋಡಿ, ಕೈಯನ್ನು ಬಟ್ಟೆಗೆ ಒರೆಸಿಕೊಂಡು, ‘ಇದನ್ನು ಮೈಸೂರಿನಲ್ಲೇ ತೋರಿಸಿ’ ಎಂದ.

ತಮ್ಮನಿಗೆ ಇದ್ಯಾವುದೂ ಬೇಡ. ಹಳೆಯದನ್ನು ಮಾರಿ ಹೊಸದು ತೆಗೆದುಕೊಳ್ಳೋಣ ಎಂದು ಸಾಲದ ಅರ್ಜಿಯನ್ನೇ ತಂದು ಊಟದ ಮೇಜಿನ ಮೇಲೆ ಇಟ್ಟ. ಭಾವ ಬರುವ ಹಿಂದಿನ ದಿನ ನಾನು ಒಂದು ಪಂದ್ಯ ಕಟ್ಟಿದೆ. ಇಪ್ಪತ್ತು ಲೀಟರಿನ ಕ್ಯಾನ್ ಮಡಿಲಲ್ಲಿಟ್ಟುಕೊಂಡು ನಾನು ಹಿಂದೆ ಕೂರುತ್ತೇನೆ, ನೀನು 450ಯನ್ನು ಎಲ್ಲೂ ಕಾಲೂರದೆ ಮೇಲಿನ ತೋಟಕ್ಕೆ ಹತ್ತಿಸಿದರೆ ಸಹಿ ಹಾಕುತ್ತೇನೆ ಎಂದೆ. ಬೇರನ್ನು ದಾಟಿದ. ಮೂರನೇ ತಿರುವಿನಲ್ಲಿ ಎಂಜಿನ್ ಕೂಗಿತು, ಬೈಕ್ ಅಲ್ಲೇ ತುಯ್ದಾಡಿತು, ಕೊನೆಗೆ ಹತ್ತಿತು. ಕಾಲು ಊರಲಿಲ್ಲ, ಒಪ್ಪುತ್ತೇನೆ. ಆದರೆ ಕ್ಲಚ್ ಸುಟ್ಟ ವಾಸನೆ ಮೆಣಸಿನ ಬಳ್ಳಿಯವರೆಗೂ ನಮ್ಮ ಜೊತೆಗೇ ಬಂತು. ಅರ್ಜಿ ಇನ್ನೂ ಮೇಜಿನ ಮೇಲೆಯೇ ಇದೆ. ಭಾವನಿಗೆ ಕ್ಲಚ್ಚಿನ ವಿಷಯ ಯಾರು ಹೇಳಬೇಕೆಂಬುದೂ ತೀರ್ಮಾನವಾಗಿಲ್ಲ.